ಉಪ್ಪರಿಗೆಯ ಊಟ: ಭೋಗವೋ, ಪ್ರಸಾದವೋ?

ಉಣ್ಣುವುದು ಜೀವಮಾತ್ರಕ್ಕೆ ಅನಿವಾರ್ಯ. ಎಲ್ಲಿ ಉಣ್ಣಬೇಕು, ಯಾರೊಡನೆ ಉಣ್ಣಬೇಕು, ಯಾವ ಬೆಲೆಗೆ ಉಣ್ಣಬೇಕು ಎಂಬುವು ಮಾತ್ರ ಅನಿವಾರ್ಯವಲ್ಲ. ಎಲ್ಲಿ ಆಯ್ಕೆಯುಂಟೋ ಅಲ್ಲಿ ಧರ್ಮಾಧರ್ಮಗಳ ವಿಚಾರವೂ ಉಂಟು. ‘ಅದ್’ ಎಂಬ ಧಾತುವಿನಿಂದ ಹುಟ್ಟಿದ ‘ಅನ್ನ’ ಶಬ್ದಕ್ಕೆ ಹಿರಿಯರು ಎರಡು ಅರ್ಥಗಳನ್ನು ಹೇಳಿರುವುದು ಇಲ್ಲಿ ಸ್ಮರಣೀಯವಾಗಿದೆ. ಜೀವಿಗಳು ತಿನ್ನುವಂಥದು ಎಂಬುದು ಒಂದು. ಜೀವಿಗಳನ್ನು ತಿನ್ನುವಂಥದು ಎಂಬುದು ಇನ್ನೊಂದು. ತಿಂದವನನ್ನೇ ತಿಂದುಹಾಕುವ ಅನ್ನ ಯಾವುದು, ತಿಂದವನನ್ನು ಉಳಿಸುವ ಅನ್ನ ಯಾವುದು ಎಂಬುದನ್ನು ವಿವೇಚಿಸುವುದಕ್ಕೆ ಈಚೆಗೆ ಒಂದು ಪ್ರಶ್ನೆಯು ಕಾರಣವಾಯಿತು.

ಇಟಲಿ ದೇಶದ ಮಿಲಾನ್ ನಗರದಲ್ಲಿ ಉದ್ಯೋಗಸ್ಥನಾಗಿರುವ ಮಗನ ಮನೆಯಲ್ಲಿ ಎರಡು ತಿಂಗಳಿದ್ದು ಬಂದ ಗೃಹಸ್ಥ ಭಕ್ತರೊಬ್ಬರು ಆ ಪ್ರಶ್ನೆಯನ್ನು ಕೇಳಿದವರು. ಮಗನು ತಂದೆತಾಯಿಗಳಿಬ್ಬರನ್ನೂ ಅಲ್ಲಿಯ ಒಂದು ಶ್ರೀಮಂತ ಭೋಜನಶಾಲೆಗೆ ಕರೆದುಕೊಂಡು ಹೋಗಿದ್ದನಂತೆ. ಕಟ್ಟಡದ ತುದಿಯ ಬಯಲು ಮಾಳಿಗೆಯ ಮೇಲೆ ಊಟದ ಮೇಜುಗಳು. ಕೆಳಗೆ ದೀಪಗಳ ಊರು. ಮೂವರ ಊಟಕ್ಕೆ ತೆತ್ತ ಹಣವು ಆ ಹುಡುಗನು ಕಾಲೇಜಿನಲ್ಲಿ ಓದುವಾಗ ತಂದೆ ಒಂದು ವರ್ಷಕ್ಕೆ ಕಟ್ಟುತ್ತಿದ್ದ ಶುಲ್ಕಕ್ಕಿಂತ ಹೆಚ್ಚಾಗಿತ್ತು. ‘ಊಟವೇನೋ ರುಚಿಯಾಗಿಯೇ ಇತ್ತು. ಬೆಲೆಯನ್ನು ಕೇಳಿದ ಮೇಲೆ ಮಾತ್ರ ತುತ್ತು ಇಳಿಯಲಿಲ್ಲ. ಇದು ಬಡತನದಲ್ಲಿ ಬೆಳೆದವರ ಹಳೆಯ ಸಂಕೋಚವೋ, ಅಥವಾ ಧರ್ಮಸೂಕ್ಷ್ಮವೋ?’ ಎಂಬುದು ತಂದೆಯ ಪ್ರಶ್ನೆ. ಮಗನದೂ ಒಂದು ಪ್ರಶ್ನೆಯಿತ್ತು: ‘ಅಪ್ಪಾ, ಇದು ಸಾಲದ ಹಣವಲ್ಲ, ಲಂಚದ ಹಣವಲ್ಲ, ದುಡಿದ ಹಣ. ಹೆತ್ತವರಿಗೆ ಒಂದು ದಿನ ಪ್ರೀತಿಯಿಂದ ಉಣಿಸಿದರೆ ದೋಷವೇನು?’ ಎರಡು ಪ್ರಶ್ನೆಗಳೂ ಪ್ರಾಮಾಣಿಕವಾದವು. ಆದುದರಿಂದ ಒಂದನ್ನು ಮಾನ್ಯಮಾಡಿ ಮತ್ತೊಂದನ್ನು ತಳ್ಳಿಬಿಡುವಂತಿಲ್ಲ.

ಇಂಥಲ್ಲಿ ಎರಡು ಸುಲಭವಾದ ಉತ್ತರಗಳು ಸಿದ್ಧವಾಗಿರುತ್ತವೆ. ‘ನನ್ನ ಹಣ, ನನ್ನ ನಾಲಗೆ, ನಡುವೆ ಕೇಳುವವರಾರು?’ ಎಂಬುದು ಒಂದು. ‘ಸುಖವೆಲ್ಲವೂ ಪಾಪವೇ, ಗಂಜಿಯೇ ಪರಮಾನ್ನ’ ಎಂಬುದು ಇನ್ನೊಂದು. ಮೊದಲನೆಯದು ಮನುಷ್ಯನನ್ನು ಒಂಟಿಯಾಗಿ ಮಾಡುತ್ತದೆ. ಎರಡನೆಯದು ಕಾಯವನ್ನೇ ಶತ್ರುವನ್ನಾಗಿ ಮಾಡುತ್ತದೆ. ಕಾಯವನ್ನು ದಂಡಿಸುವುದೇ ಧರ್ಮವೆಂದು ಶರಣರು ಎಂದೂ ಬಗೆದವರಲ್ಲ. ರುಚಿಯನ್ನು ಅರಿಯದವನು ಅರ್ಪಿಸುವುದಾದರೂ ಏನನ್ನು? ಆದುದರಿಂದ ಈ ಎರಡು ಉತ್ತರಗಳನ್ನೂ ಬದಿಗಿಟ್ಟು, ಆ ಉಪ್ಪರಿಗೆಯ ಮೇಲೆ ಹಣವನ್ನು ಕೊಟ್ಟು ನಾವು ಕೊಳ್ಳುವುದು ಏನನ್ನು ಎಂಬುದನ್ನು ಮೊದಲು ನೋಡತಕ್ಕದ್ದು.

ಇಟಲಿಯವರ ಊಟಕ್ಕೆ ಒಂದು ಕ್ರಮವಿದೆ. ಮೊದಲು ನಾಲಗೆಯನ್ನು ಎಚ್ಚರಿಸುವ ‘ಆಂತಿಪಾಸ್ತೊ’; ತರುವಾಯ ಪಾಸ್ತಾ ಅಥವಾ ‘ರಿಸೊತ್ತೊ’ ಎಂಬ ಅನ್ನ ಬರುವ ‘ಪ್ರೀಮೊ’; ಅದರ ಮೇಲೆ ‘ಸೆಕೊಂದೊ’, ಪಕ್ಕಕ್ಕೆ ಕಾಯಿಪಲ್ಯ; ಕಡೆಗೆ ‘ದೋಲ್ಚೆ’ ಎಂಬ ಸಿಹಿ. ಉಣ್ಣುವ ಸ್ಥಳಗಳಲ್ಲಿಯೂ ತರತಮಗಳಿವೆ. ‘ಒಸ್ತೆರಿಯಾ’ ಎಂಬುದು ಮೂಲತಃ ಪಾನೀಯದೊಡನೆ ಅಲ್ಪಸ್ವಲ್ಪ ಆಹಾರ ದೊರೆಯುತ್ತಿದ್ದ ತಂಗುದಾಣ; ‘ತ್ರತ್ತೊರಿಯಾ’ ಮನೆಯ ಅಡಿಗೆಯಂಥ ಅಡಿಗೆಯ ಸ್ಥಳ, ನಮ್ಮ ಖಾನಾವಳಿಗಳನ್ನು ಹೋಲುವಂಥದು; ‘ರಿಸ್ತೊರಾಂತೆ’ ಎಂಬುದು ಇವೆಲ್ಲಕ್ಕಿಂತ ಮೇಲಿನದು. ಬೆಲೆ ಕಟ್ಟುವ ರೀತಿಯೂ ವಿಚಾರಣೀಯವಾದುದು. ಅನೇಕ ಕಾಫಿಯಂಗಡಿಗಳಲ್ಲಿ ಕಟ್ಟೆಯ ಬಳಿ ನಿಂತು ಕುಡಿದರೆ ಒಂದು ಬೆಲೆ, ಅದೇ ಕಾಫಿಯನ್ನು ಮೇಜಿನ ಮುಂದೆ ಕುಳಿತು ಕುಡಿದರೆ ಹೆಚ್ಚಿನ ಬೆಲೆ. ಭೋಜನಶಾಲೆಗಳಲ್ಲಿ ‘ಕೊಪೆರ್ತೊ’ ಎಂಬ ಹೆಸರಿನಿಂದ ತಲೆಗಿಷ್ಟು ಎಂದು ಮೇಜಿನ ಹಾಸಿಗೂ ರೊಟ್ಟಿಗೂ ಬೇರೆಯಾಗಿ ಹಣ ಹಿಡಿಯುವುದು ಹಲವೆಡೆ ರೂಢಿ. ಇನ್ನು ನೋಟವಿರುವ ಉಪ್ಪರಿಗೆಯಾದರೆ ಒಬ್ಬರ ಊಟಕ್ಕೆ 100 ಯೂರೋ ಆಗುವುದು ಅಪೂರ್ವವೇನಲ್ಲ. ನಿಂತವನಿಗೊಂದು ಬೆಲೆ, ಕುಳಿತವನಿಗೊಂದು ಬೆಲೆ, ಮೇಲೆ ಏರಿದವನಿಗೆ ಮತ್ತೊಂದು ಬೆಲೆ. ಎಂದಮೇಲೆ ಆ ಹಣವು ಅನ್ನವೊಂದಕ್ಕೇ ಸಲ್ಲುವುದಿಲ್ಲವೆಂಬುದು ಸ್ಪಷ್ಟ. ಅದು ಮೂರು ಪಾಲಾಗುತ್ತದೆ: ಪದಾರ್ಥದ ರುಚಿಗೆ ಒಂದು ಪಾಲು, ದುಡಿದವರ ಕೈಗೆ ಒಂದು ಪಾಲು, ಎತ್ತರಕ್ಕೆ ಒಂದು ಪಾಲು.

ಇವುಗಳಲ್ಲಿ ಮೊದಲನೆಯದನ್ನು ನೋಡೋಣ. ಮಿಲಾನಿನಿಂದ ಬಹುದೂರವಿಲ್ಲದ ಮೊದೆನಾ ಎಂಬ ಊರಿನಲ್ಲಿ ದ್ರಾಕ್ಷಿಯ ರಸವನ್ನು ಕಾಯಿಸಿ, ಬೇರೆ ಬೇರೆ ಮರಗಳ ಪೀಪಾಯಿಗಳಲ್ಲಿ ಒಂದರಿಂದೊಂದಕ್ಕೆ ಇಳಿಸುತ್ತ ಒಂದು ಬಗೆಯ ಹುಳಿಯನ್ನು ಮಾಡುತ್ತಾರೆ. ಸಂಪ್ರದಾಯದ ವಿಧಿಯಂತೆ ಅದು 12 ವರ್ಷಕ್ಕೆ ಕಡಮೆಯಿಲ್ಲದೆ ಪಕ್ವವಾಗಬೇಕು. ಹಿರಿಯ ದರ್ಜೆಯದಕ್ಕೆ 25 ವರ್ಷ. ಪೀಪಾಯಿಯನ್ನು ತುಂಬಿದವನು ಅದರ ಫಲವನ್ನು ಕಾಣುವ ವೇಳೆಗೆ ಅವನ ಮಗನು ಬೆಳೆದು ನಿಂತಿರುತ್ತಾನೆ. ಅದೇ ಪ್ರಾಂತದ ಪಾರ್ಮಿಜಾನೊ ಗಿಣ್ಣಿನ ಉಂಡೆಯೊಂದೊಂದನ್ನೂ 12 ತಿಂಗಳಾದರೂ ಕಾಪಾಡಬೇಕು. 2012ರ ಭೂಕಂಪದಲ್ಲಿ ಅಂಥ ಉಂಡೆಗಳು ಲಕ್ಷಗಟ್ಟಲೆ ನೆಲಕ್ಕುರುಳಿ ಹಾಳಾಗುವುದರಲ್ಲಿದ್ದಾಗ, ಮೊದೆನಾದ ಪ್ರಖ್ಯಾತ ಬಾಣಸಿಗ ಮಾಸ್ಸಿಮೊ ಬೊತ್ತೂರಾ ಆ ಗಿಣ್ಣನ್ನೇ ಮುಖ್ಯವಾಗಿಟ್ಟು ಯಾವ ಮನೆಯಲ್ಲಾದರೂ ಮಾಡಬಹುದಾದ ಒಂದು ಅನ್ನದ ಅಡಿಗೆಯನ್ನು ರೂಪಿಸಿ ಲೋಕಕ್ಕೆ ತಿಳಿಸಿದರು. ಗಿಣ್ಣು ಮಾರಾಟವಾಯಿತು, ಅದನ್ನು ಮಾಡುವವರು ಉಳಿದರು. ಇಂಥ ಶ್ರಮಕ್ಕೂ ಕುಶಲತೆಗೂ ತಕ್ಕ ಬೆಲೆ ಕೊಡುವವರಿಲ್ಲದಿದ್ದರೆ ಆ ವಿದ್ಯೆಗಳು ಒಂದೆರಡು ತಲೆಮಾರಿನಲ್ಲಿ ಅಳಿದುಹೋಗುತ್ತವೆ. ಹದವರಿತು ಮಾಡಿದ ಅಡಿಗೆಯೂ ಕಾಯಕವೇ. ಕಾಯಕಕ್ಕೆ ನ್ಯಾಯವಾದ ಬೆಲೆಯನ್ನು ತೆರುವುದು ಭೋಗವೆನಿಸಲಾರದು. ಅದು ಋಣವನ್ನು ತೀರಿಸುವುದು. ಮಗನ ಪಕ್ಷದಲ್ಲಿ ಇಷ್ಟು ಸತ್ಯವಿದೆ.

ಆದರೆ ಬೆಲೆಯನ್ನು ತೆತ್ತ ಮಾತ್ರಕ್ಕೆ ಅರಿವು ಕೈಸೇರುವುದಿಲ್ಲ. ಸಸ್ಯಾಹಾರಿಗಳಾದ ನಮ್ಮವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಮಿಲಾನಿನ ಹೆಸರನ್ನೇ ಹೊತ್ತ ಕೇಸರಿಯ ಅನ್ನವು ನೋಟಕ್ಕೆ ನಮ್ಮ ಕೇಸರಿಬಾತಿನಂತೆ ಹೊಂಬಣ್ಣದ್ದು. ಸಂಪ್ರದಾಯದಂತೆ ಅದಕ್ಕೆ ಎಲುಬಿನೊಳಗಿನ ಮಜ್ಜೆಯನ್ನು ಹಾಕುತ್ತಾರೆ. ಪಾರ್ಮಿಜಾನೊ ಗಿಣ್ಣಿಗೆ ಹಾಲನ್ನು ಒಡೆಸುವುದು ಕರುವಿನ ಜಠರದಿಂದ ತೆಗೆದ ದ್ರವ್ಯದಿಂದ. ಅದರ ವಿಧಿಯೇ ಹಾಗಿದೆ. ಯುರೋಪಿನ ಒಕ್ಕೂಟದ 2011ರ ನಿಯಮವು 2014ರ ಡಿಸೆಂಬರಿನಿಂದ ಜಾರಿಗೆ ಬಂದು, ದೇಹಕ್ಕೆ ಒಗ್ಗದೆ ಹೋಗಬಹುದಾದ 14 ಬಗೆಯ ಪದಾರ್ಥಗಳನ್ನು ಗಿರಾಕಿಗೆ ತಿಳಿಸಲೇಬೇಕೆಂದು ವಿಧಿಸಿದೆ. ಅದು ಶರೀರದ ರಕ್ಷಣೆಗಾಗಿ ಮಾಡಿದ ನಿಯಮ. ವ್ರತದ ರಕ್ಷಣೆ ನಿಯಮದ ಹೊಣೆಯಲ್ಲ, ಉಣ್ಣುವವನ ಹೊಣೆ. ಬಡಿಸುವವನನ್ನು ವಿನಯದಿಂದ ಕೇಳುವುದಕ್ಕೆ ನಾಚಬೇಕಾದುದಿಲ್ಲ. ಕೇಳಿದರೆ ಹಳ್ಳಿಗನೆಂದು ತಿಳಿದಾರು ಎಂಬ ಅಂಜಿಕೆಯಿಂದ ಬಾಯಿ ಮುಚ್ಚಿಕೊಂಡು ಉಂಡರೆ, ಅಲ್ಲಿ ನಾವು ಅನ್ನವನ್ನು ಉಣ್ಣುವುದಿಲ್ಲ. ಅನ್ನವೇ ನಮ್ಮನ್ನು ಉಣ್ಣತೊಡಗಿರುತ್ತದೆ.

ಇನ್ನು ಮೂರನೆಯ ಪಾಲಾದ ಎತ್ತರದ ವಿಚಾರ. ಎತ್ತರದಲ್ಲಿ ಗಾಳಿಯಿದೆ, ನೋಟವಿದೆ. ಮಿಲಾನಿನ ನಡುವೆ 1386ರಲ್ಲಿ ಕಟ್ಟತೊಡಗಿ ಹಲವು ಶತಮಾನಗಳ ಕಾಲ ಕಟ್ಟಿದ ಅಮೃತಶಿಲೆಯ ಮಹಾಚರ್ಚಿನ ಶಿಖರಗಳನ್ನು ಸಂಜೆಯ ಬೆಳಕಿನಲ್ಲಿ ಕಾಣುವ ಆನಂದವು ನಿಂದ್ಯವಲ್ಲ. ಕಲ್ಲುಕುಟಿಗರ ಕಾಯಕವನ್ನು ಕಣ್ಣಿನಿಂದ ಗೌರವಿಸುವುದು ಅದು. ಆದರೆ ಎತ್ತರಕ್ಕೆ ಇನ್ನೊಂದು ಗುಣವೂ ಇದೆ. ಮೇಲಿನಿಂದ ನೋಡಿದಾಗ ಬೀದಿ ಕಾಣುತ್ತದೆ, ಬೀದಿಯಲ್ಲಿರುವವನ ಮುಖ ಕಾಣುವುದಿಲ್ಲ. ದೀಪಗಳು ಕಾಣುತ್ತವೆ, ದೀಪದ ಕೆಳಗೆ ಮಲಗಿದವನು ಕಾಣುವುದಿಲ್ಲ. ಹಣ ಕೊಟ್ಟು ಕೊಂಡದ್ದು ನೋಟವನ್ನೋ, ನೋಡದಿರುವ ಅನುಕೂಲವನ್ನೋ ಎಂಬುದೇ ಇಲ್ಲಿ ಪ್ರಶ್ನೆ. ತಂದೆಯ ಗಂಟಲಲ್ಲಿ ತುತ್ತು ನಿಂತದ್ದು ಇಲ್ಲಿಯೇ ಇರಬೇಕೆಂದು ನಮಗೆ ತೋರುತ್ತದೆ.

ಇದಕ್ಕೆ ಒಂದು ಧಾನ್ಯದ ಕಥೆಯು ಸಾಕ್ಷಿಯಾಗಿದೆ. ಇಂದು ಉತ್ತರ ಇಟಲಿಯ ಶ್ರೀಮಂತ ಭೋಜನಶಾಲೆಗಳಲ್ಲಿ ‘ಪೊಲೆಂತಾ’ ಎಂಬ ಭಕ್ಷ್ಯವು ಅಪರೂಪದ ಅಣಬೆಗಳೊಡನೆ ಅಲಂಕೃತವಾಗಿ ಬರುತ್ತದೆ. ಅದು ಮೆಕ್ಕೆಜೋಳದ ಹಿಟ್ಟನ್ನು ನೀರಿನಲ್ಲಿ ತೊಳಸಿ ಮಾಡಿದ್ದು. ನಮ್ಮ ಅಂಬಲಿ ಮುದ್ದೆಗಳ ಬಂಧು. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಲೊಂಬಾರ್ದಿ, ವೆನೆತೊ ಪ್ರಾಂತಗಳ ಒಕ್ಕಲು ಮಕ್ಕಳಿಗೆ ಮೂರು ಹೊತ್ತೂ ಅದೊಂದೇ ಆಹಾರ. ಅದೊಂದನ್ನೇ ತಿಂದು ಅವರ ಚರ್ಮವು ಒಡೆಯಿತು, ಹೊಟ್ಟೆ ಕೆಟ್ಟಿತು, ಬುದ್ಧಿ ಭ್ರಮಿಸಿತು. ಒರಟು ಚರ್ಮವೆಂಬ ಅರ್ಥದ ‘ಪೆಲ್ಲಾಗ್ರಾ’ ಎಂಬ ಹೆಸರನ್ನು ಆ ರೋಗಕ್ಕೆ 1771ರಲ್ಲಿ ಕೊಟ್ಟವರು ಮಿಲಾನಿನ ವೈದ್ಯ ಫ್ರಾಪೊಲ್ಲಿ. ಅದು ಸೋಂಕಲ್ಲ, ಆಹಾರದ ಕೊರತೆ ಎಂಬುದನ್ನು ಅಮೆರಿಕದ ವೈದ್ಯ ಗೋಲ್ಡ್‌ಬರ್ಗರ್ ಇಪ್ಪತ್ತನೆಯ ಶತಮಾನದಲ್ಲಿ ತೋರಿಸಿದರು. ಕೊರತೆಯಾದ ಜೀವಸತ್ವ ಯಾವುದೆಂಬುದು 1937ರಲ್ಲಿ ನಿಶ್ಚಯವಾಯಿತು. ನಮ್ಮ ದಖನ್ನಿನ ಸೀಮೆಯಲ್ಲಿಯೂ ಬಿಳಿಜೋಳವೊಂದನ್ನೇ ನೆಚ್ಚಿದ ಬಡವರಲ್ಲಿ ಇದೇ ರೋಗವು ಕಂಡುಬಂದು, ಹೈದರಾಬಾದಿನ ಆಹಾರವಿಜ್ಞಾನಿಗಳು ಅದನ್ನು ಪರಿಶೋಧಿಸಿದರು. ಧಾನ್ಯವು ಒಂದೇ. ಕೆಳಗೆ ಅದು ರೋಗ, ಮೇಲೆ ಅದು ರಸಾಯನ. ಭೇದವಿರುವುದು ಹಿಟ್ಟಿನಲ್ಲಲ್ಲ, ಬೇಕಾದರೆ ಉಣ್ಣುವೆ, ಬೇಡವಾದರೆ ಬಿಡುವೆ ಎನ್ನುವ ಸ್ವಾತಂತ್ರ್ಯ ಇರುವುದರಲ್ಲಿ ಮತ್ತು ಇಲ್ಲದಿರುವುದರಲ್ಲಿ. ಉಪ್ಪರಿಗೆಯ ಮೇಲೆ ಕುಳಿತವನು ಕೊಂಡದ್ದು ಆ ಸ್ವಾತಂತ್ರ್ಯವನ್ನು. ಅದನ್ನು ಪಡೆದವನಿಗೆ, ಅದಿಲ್ಲದವನ ನೆನಪು ಒಂದು ಹೊಣೆಯಾಗಿ ಉಳಿಯಬೇಕಾದುದು ನ್ಯಾಯ.

ಆ ನೆನಪನ್ನು ಮಿಲಾನ್ ನಗರವೇ ತನ್ನ ಚರಿತ್ರೆಯಲ್ಲಿ ಇಟ್ಟುಕೊಂಡಿದೆ. 1898ರ ಮೇ ತಿಂಗಳಲ್ಲಿ ರೊಟ್ಟಿಯ ಬೆಲೆಯು ಏರಿ, ಹಸಿದ ಕೆಲಸಗಾರರು ಬೀದಿಗಿಳಿದರು. ಜನರಲ್ ಬಾವಾ ಬೆಕ್ಕಾರಿಸ್ ಎಂಬ ಸೇನಾಪತಿ ಅವರ ಮೇಲೆ ತೋಪುಗಳನ್ನು ಹಾರಿಸಿದನು. ಸರಕಾರದ ಲೆಕ್ಕದಂತೆಯೇ 80 ಮಂದಿ ಸತ್ತರು; ಇನ್ನೂ ಬಹಳ ಮಂದಿ ಎಂದು ಪ್ರತಿಪಕ್ಷದವರು ಹೇಳಿದರು. ಆ ಸೇನಾಪತಿಗೆ ಪದಕವನ್ನಿತ್ತ ರಾಜ ಮೊದಲನೆಯ ಉಂಬೆರ್ತೊ 1900ರಲ್ಲಿ ಅದೇ ಸೇಡಿಗೆ ಬಲಿಯಾದನು. ಹಿಂಸೆಯು ಹಿಂಸೆಯನ್ನೇ ಹೆತ್ತಿತು; ಹಸಿದವರಿಗೆ ಅದರಿಂದ ಒಂದು ತುಂಡು ರೊಟ್ಟಿಯೂ ದೊರೆಯಲಿಲ್ಲ. ಆದರೆ ಅದೇ 1898ರಲ್ಲಿ, ಅದೇ ನಗರದಲ್ಲಿ, ‘ದಿನದ ರೊಟ್ಟಿ’ ಎಂಬ ಅರ್ಥದ ‘ಪಾನೆ ಕ್ವೊತಿದಿಯಾನೊ’ ಎಂಬ ಸಂಸ್ಥೆ ಹುಟ್ಟಿತು. ಅದು ಇಂದಿಗೂ ಬಂದವರಿಗೆಲ್ಲ ಆಹಾರವನ್ನು ಉಚಿತವಾಗಿ ಕೊಡುತ್ತಿದೆ. ನೀನು ಯಾರು, ಏಕೆ ಬಂದೆ, ನಿನ್ನ ಮತವೇನು ಎಂದು ಇಲ್ಲಿ ಯಾರೂ ಕೇಳುವುದಿಲ್ಲ ಎಂಬ ಅಭಿಪ್ರಾಯದ ಮಾತನ್ನು ಅದು ತನ್ನ ಬಿರುದಾಗಿ ಇಟ್ಟುಕೊಂಡಿದೆ. ಬಂದವನನ್ನು ‘ಇವನು ಯಾರವನು’ ಎಂದು ಕೇಳದೆ ನಮ್ಮವನೆಂದು ಬಗೆಯಬೇಕೆಂದು ಕೇಳಿ ಬೆಳೆದ ನಮಗೆ ಇದು ಪರದೇಶದ ಮಾತೆಂದು ತೋರುವುದೇ ಇಲ್ಲ.

ಹಸಿವಿನ ನ್ಯಾಯವು ಇಟಲಿಯ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತು. 2011ರಲ್ಲಿ ಜೆನೋವಾ ಪಟ್ಟಣದ ಅಂಗಡಿಯೊಂದರಲ್ಲಿ ಮನೆಯಿಲ್ಲದವನೊಬ್ಬನು ಸುಮಾರು 4 ಯೂರೋ ಬೆಲೆಯ ಆಹಾರವನ್ನು ಮುಚ್ಚಿಟ್ಟುಕೊಂಡು ಹೊರಟಿದ್ದನು. ಕೆಳಗಿನ ನ್ಯಾಯಾಲಯಗಳು ಅವನಿಗೆ ಆರು ತಿಂಗಳ ಸೆರೆವಾಸವನ್ನೂ 100 ಯೂರೋ ದಂಡವನ್ನೂ ವಿಧಿಸಿದುವು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಮಾಡಿ, ತಡೆಯಲಾರದ ಹಸಿವಿನಿಂದ ಸ್ವಲ್ಪ ಆಹಾರವನ್ನು ತೆಗೆದುಕೊಂಡುದು ಅಪರಾಧವಲ್ಲವೆಂದು ನಿರ್ಣಯಿಸಿತು. ಕಳ್ಳತನವು ಒಳ್ಳೆಯದೆಂದು ಇದರ ಅರ್ಥವಲ್ಲ. ಸ್ವತ್ತಿನ ಹಕ್ಕಿಗಿಂತ ಪ್ರಾಣದ ಹಕ್ಕು ಮುಂಚಿನದು ಎಂದು ಅರ್ಥ. ಆರು ತಿಂಗಳ ಸೆರೆಗೆ ಕಾರಣವಾದ ಆಹಾರದ ಬೆಲೆ ಉಪ್ಪರಿಗೆಯ ಮೇಲಿನ ‘ಕೊಪೆರ್ತೊ’ವಿನಷ್ಟೇ ಇದ್ದಿರಬಹುದು. ಈ ಎರಡು ಲೆಕ್ಕಗಳನ್ನು ಒಂದೇ ಹಾಳೆಯ ಮೇಲೆ ಬರೆದು ನೋಡಿದವನಿಗೆ ‘ನನ್ನ ಹಣ, ಕೇಳುವವರಾರು’ ಎಂಬ ಮಾತು ಸುಲಭವಾಗಿ ಬಾಯಿಗೆ ಬರಲಾರದು.

ಇಲ್ಲಿ ಒಂದು ಬಲವಾದ ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಪೀಟರ್ ಸಿಂಗರ್ ಎಂಬ ತತ್ತ್ವಶಾಸ್ತ್ರಜ್ಞರು, 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಅನ್ನವಿಲ್ಲದೆ ಸಾಯುತ್ತಿದ್ದ ಕಾಲದಲ್ಲಿ ಬರೆದು 1972ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹೀಗೆ ವಾದಿಸಿದ್ದಾರೆ: ಆಳವಿಲ್ಲದ ಕೊಳದಲ್ಲಿ ಮಗುವೊಂದು ಮುಳುಗುತ್ತಿದ್ದರೆ, ಬಟ್ಟೆ ಕೆಸರಾದೀತೆಂದು ಯಾರೂ ಹಿಂಜರಿಯುವುದಿಲ್ಲ, ದೂರದಲ್ಲಿ ಸಾಯುವ ಮಗುವಿನ ವಿಷಯದಲ್ಲಿಯೂ ಕರ್ತವ್ಯವು ಅಷ್ಟೇ, ದೂರವು ಧರ್ಮವನ್ನು ಕಡಮೆ ಮಾಡುವುದಿಲ್ಲ. ಇದನ್ನು ಒಪ್ಪಿದರೆ, ಉಪ್ಪರಿಗೆಯ ಪ್ರತಿಯೊಂದು ತುತ್ತೂ ಒಂದು ಮಗುವಿನ ಬಾಯಿಂದ ಕಿತ್ತುಕೊಂಡದ್ದೇ ಅಲ್ಲವೇ? ಈ ವಾದವನ್ನು ನಕ್ಕು ತಳ್ಳುವಂತಿಲ್ಲ. ದೂರವು ಧರ್ಮವನ್ನು ಕುಗ್ಗಿಸದೆಂಬ ಮಾತು ಸತ್ಯವೇ. ಆದರೆ ಈ ಲೆಕ್ಕವನ್ನು ಕಡೆಯವರೆಗೆ ಎಳೆದರೆ ಹೆತ್ತವರಿಗೆ ಉಣಿಸುವ ಹಬ್ಬದ ಹೋಳಿಗೆಯೂ ಉಳಿಯುವುದಿಲ್ಲ. ಮಗಳ ಮದುವೆಯೂ ಉಳಿಯುವುದಿಲ್ಲ. ಎಲ್ಲವನ್ನೂ ಕೊಡಬೇಕೆಂಬ ವಿಧಿಯನ್ನು ಹೊರಲಾರದೆ ಮನುಷ್ಯನು ಕಡೆಗೆ ಏನನ್ನೂ ಕೊಡದೆ ಕುಳಿತುಬಿಡುತ್ತಾನೆ. ನಮ್ಮ ಹಿರಿಯರು ಇದನ್ನು ಬಿಡಿಸಿದ ರೀತಿ ಬೇರೆ. ಎಷ್ಟು ಕೊಟ್ಟೆ ಎಂಬ ಮೊತ್ತಕ್ಕಿಂತ, ಯಾವಾಗ ಕೊಟ್ಟೆ ಎಂಬ ಕ್ರಮವನ್ನು ಅವರು ಮೊದಲು ಕೇಳಿದರು. ಉಂಡು ಮಿಕ್ಕುದನ್ನು ಕೊಟ್ಟರೆ ಅದು ದಾನ; ಉಣ್ಣುವುದಕ್ಕೆ ಮುನ್ನ ತೆಗೆದಿಟ್ಟರೆ ದಾಸೋಹ. ದಾನಿಗೆ ತಾನು ದೊಡ್ಡವನೆಂಬ ಭಾವ ಹುಟ್ಟಬಹುದು. ದಾಸೋಹಿಗೆ ಹಾಗೆ ಹುಟ್ಟುವುದಕ್ಕೆ ಎಡೆಯೇ ಇಲ್ಲ; ತಾನು ಉಣ್ಣುವುದೇ ಇನ್ನೊಬ್ಬರ ಪಾಲು ಸಂದ ಮೇಲೆ ಉಳಿದುದನ್ನು.

ಈಗ ಎರಡು ಶಬ್ದಗಳನ್ನು ನೋಡೋಣ. ಭೋಜನಶಾಲೆಗೆ ಇಂದು ಲೋಕವೆಲ್ಲ ಬಳಸುವ ‘ರೆಸ್ಟೋರೆಂಟ್’ ಎಂಬ ಶಬ್ದವು ಹದಿನೆಂಟನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ಒಂದು ಸಾರಿನ ಹೆಸರಾಗಿತ್ತು. ಬಳಲಿದ ದೇಹಕ್ಕೆ ಬಲವನ್ನು ಮರಳಿ ಕೊಡುವಂಥದು ಎಂದು ಅದರ ಅರ್ಥ. ಆ ಸಾರನ್ನು ಮಾರುವ ಸ್ಥಳಕ್ಕೂ ಅದೇ ಹೆಸರಾಯಿತು. ಕ್ರೈಸ್ತ ಸನ್ಯಾಸಿಗಳ ಮಠದಲ್ಲಿ ಎಲ್ಲರೂ ಸಾಲಾಗಿ ಕುಳಿತು ಉಣ್ಣುವ ಮನೆಗೆ ಇಟಲಿಯ ಭಾಷೆಯಲ್ಲಿ ‘ರೆಫೆತ್ತೊರಿಯೊ’ ಎಂದು ಹೆಸರು; ಮರಳಿ ರೂಪಿಸು, ಚೇತರಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಒಂದು ಹಣವುಳ್ಳವರ ಉಪ್ಪರಿಗೆ, ಇನ್ನೊಂದು ಹಣವನ್ನು ಬಿಟ್ಟವರ ಪಂಕ್ತಿ. ಎರಡು ಹೆಸರುಗಳ ಆಶಯವೂ ಒಂದೇ. ಮಿಲಾನಿನಲ್ಲಿಯೇ ಸಾಂತಾ ಮಾರಿಯಾ ಎಂಬ ಮಠದ ಇಂಥ ಊಟದ ಮನೆಯ ಗೋಡೆಯ ಮೇಲೆ ಲಿಯೊನಾರ್ಡೊ ಡ ವಿಂಚಿ 1495ರಿಂದ 1498ರ ಸುಮಾರಿನಲ್ಲಿ ಏಸುವಿನ ಕೊನೆಯ ಊಟದ ಚಿತ್ರವನ್ನು ಬರೆದನು. 1943ರ ಬಾಂಬು ದಾಳಿಯಲ್ಲಿ ಆ ಮನೆ ಕುಸಿದರೂ ಚಿತ್ರದ ಗೋಡೆ ನಿಂತಿತು. ಸಾಲಾಗಿ ಕುಳಿತು ಉಣ್ಣುತ್ತಿದ್ದ ಸನ್ಯಾಸಿಗಳ ಮುಂದೆ ಗುರುವೂ ಶಿಷ್ಯರೂ ಒಂದೇ ಮೇಜಿಗೆ ಕುಳಿತಿರುವ ಚಿತ್ರ! ಉಣ್ಣುವವರು ಯಾರ ಪಂಕ್ತಿಯಲ್ಲಿರುವೆವೆಂಬುದನ್ನು ದಿನಾಲು ನೆನೆಯಬೇಕೆಂಬುದೇ ಅದರ ಉದ್ದೇಶವಾಗಿರಬೇಕು.

ಆ ಪಂಕ್ತಿಯು 2015ರಲ್ಲಿ ಮಿಲಾನಿನಲ್ಲಿ ಹೊಸ ರೂಪವನ್ನು ತಾಳಿತು. ಆ ವರ್ಷ ಮೇ 1ರಿಂದ ಅಕ್ಟೋಬರ್ 31ರ ವರೆಗೆ ಲೋಕಕ್ಕೆ ಆಹಾರವನ್ನು ಒದಗಿಸುವುದೆಂತು ಎಂಬ ವಿಷಯದ ಮೇಲೆ ಜಾಗತಿಕ ಪ್ರದರ್ಶನವೊಂದು ಅಲ್ಲಿ ನಡೆಯಿತು. ಪ್ರದರ್ಶನದಲ್ಲಿ ಬಳಸದೆ ಮಿಕ್ಕ ಆಹಾರವು ವ್ಯರ್ಥವಾಗುವುದನ್ನು ತಪ್ಪಿಸಲು, ಮೇಲೆ ಹೇಳಿದ ಬೊತ್ತೂರಾ ಅವರೂ ಕಾರಿತಾಸ್ ಎಂಬ ಕ್ರೈಸ್ತ ಸೇವಾಸಂಸ್ಥೆಯವರೂ ಸೇರಿ ಗ್ರೇಕೊ ಎಂಬ ಬಡಾವಣೆಯಲ್ಲಿ ಪಾಳುಬಿದ್ದಿದ್ದ ನಾಟಕಶಾಲೆಯೊಂದನ್ನು ಊಟದ ಮನೆಯನ್ನಾಗಿ ಮಾಡಿದರು. ಅನೇಕ ದೇಶಗಳ ಪ್ರಸಿದ್ಧ ಬಾಣಸಿಗರು ಬಂದು ಮನೆಯಿಲ್ಲದವರಿಗಾಗಿ ಅಡಿಗೆ ಮಾಡಿದರು. ‘ರೆಫೆತ್ತೊರಿಯೊ ಅಂಬ್ರೊಜಿಯಾನೊ’ ಎಂಬ ಆ ಮನೆ ಪ್ರದರ್ಶನವು ಮುಗಿದ ಮೇಲೆಯೂ ನಡೆಯಿತು. ಬೊತ್ತೂರಾ ಅವರ ಸ್ವಂತ ಭೋಜನಶಾಲೆಯಲ್ಲಿ ಉಣ್ಣಲು ಬಹಳ ಹಣ ಬೇಕು. ಇಲ್ಲಿ ಹಸಿವೊಂದಿದ್ದರೆ ಸಾಕು. ಮಿಕ್ಕ ಆಹಾರವನ್ನು ಸೇವಾಸಂಸ್ಥೆಗಳಿಗೆ ಕೊಡುವುದನ್ನು ಸುಲಭಗೊಳಿಸುವ ಕಾಯಿದೆಯನ್ನೂ ಇಟಲಿಯ ಸರಕಾರವು 2016ರಲ್ಲಿ ಮಾಡಿತು.

ಮಿಕ್ಕ ಆಹಾರದಿಂದ ಅತಿಥಿಯನ್ನು ಸತ್ಕರಿಸಬಹುದೇ ಎಂಬ ಸಂದೇಹವು ನಮ್ಮ ಗೃಹಿಣಿಯರಿಗೆ ಬರುವುದು ಸಹಜ. ಉಳಿಕೆ ಬೇರೆ, ಎಂಜಲು ಬೇರೆ. ಯಾರ ಎಲೆಗೂ ಬೀಳದೆ ಉಳಿದುದು ಎಂಜಲಲ್ಲ. ಅದಕ್ಕಿಂತಲೂ ಮುಖ್ಯವಾದುದೆಂದರೆ ಅದನ್ನು ಬಡಿಸುವ ರೀತಿ. ಕೈಗೆ ಎಸೆದು ಕಳುಹಿಸಿದರೆ ಪರಮಾನ್ನವೂ ಎಂಜಲಾಗುತ್ತದೆ. ಶುಚಿಯಾಗಿ ಬೇಯಿಸಿ, ಕೂರಿಸಿ, ಹೆಸರು ಹಿಡಿದು ಮಾತನಾಡಿಸಿ ಬಡಿಸಿದರೆ ನಿನ್ನೆಯ ರೊಟ್ಟಿಯೂ ಗೌರವವನ್ನು ಪಡೆಯುತ್ತದೆ. ಗ್ರೇಕೊವಿನ ಆ ಮನೆಯಲ್ಲಿ ಬಂದವರು ತಟ್ಟೆ ಹಿಡಿದು ಸಾಲುಗಟ್ಟಿ ನಿಲ್ಲುವುದಿಲ್ಲ. ಮೇಜಿನ ಮುಂದೆ ಕುಳಿತವರಿಗೆ ಬಡಿಸಲಾಗುತ್ತದೆ. ಉಪ್ಪರಿಗೆಯವರು ಬೆಲೆ ಕಟ್ಟಿದ್ದ ಮರ್ಯಾದೆಯನ್ನು ಬೆಲೆಯಿಲ್ಲದೆ ಕೊಟ್ಟಂತಾಯಿತು.

‘ಪ್ರಸಾದ’ ಎಂಬ ಶಬ್ದಕ್ಕೆ ಪ್ರಸನ್ನತೆ, ತಿಳಿಯಾಗುವಿಕೆ ಎಂದು ಅರ್ಥ. ಕದಡಿದ ನೀರು ತಿಳಿಯಾಗುವಂತೆ ಮನಸ್ಸು ತಿಳಿಯಾಗಿ ಉಂಡುದು ಪ್ರಸಾದ. ಮನಸ್ಸನ್ನು ಕದಡಿದುದು ಭೋಗ. ಪದಾರ್ಥದ ಹೆಸರಿನಿಂದಾಗಲಿ ಅದರ ಬೆಲೆಯಿಂದಾಗಲಿ ಇದನ್ನು ನಿರ್ಣಯಿಸುವಂತಿಲ್ಲ. ನಮ್ಮ ಮನೆಗಳಲ್ಲಿ ಹಿರಿಯರು ಉಂಡ ಮೇಲೆ ತಳಿಗೆಯನ್ನು ತೊಳೆದು ಆ ನೀರನ್ನೂ ಕುಡಿಯುವುದುಂಟು. ಒಂದು ಅಗುಳನ್ನೂ ಕೆಡಿಸಬಾರದೆಂಬ ಭಾವ ಅದು. ಇಟಲಿಯ ಸಾಮಾನ್ಯ ಜನರಲ್ಲಿಯೂ ತಟ್ಟೆಯ ಮೇಲೆ ಉಳಿದ ರಸವನ್ನು ರೊಟ್ಟಿಯ ತುಂಡಿನಿಂದ ಬಳಿದು ತಿನ್ನುವ ವಾಡಿಕೆಯಿದೆ. ಅದಕ್ಕೆ ‘ಸ್ಕಾರ್ಪೆತ್ತಾ’, ಪುಟ್ಟ ಜೋಡು, ಎಂದು ಮುದ್ದಾದ ಹೆಸರು. ಮನೆಯಲ್ಲಿ ಎಲ್ಲರೂ ಮಾಡುತ್ತಾರೆ; ಶ್ರೀಮಂತ ಭೋಜನಶಾಲೆಯಲ್ಲಿ ಹಾಗೆ ಮಾಡುವುದು ಅನಾಗರಿಕವೆಂದು ಹಲವರು ಹಿಂಜರಿಯುತ್ತಾರೆ. ಅನ್ನವನ್ನು ಗೌರವಿಸಿದರೆ ತನ್ನ ಗೌರವಕ್ಕೆ ಕುಂದು ಎನ್ನಿಸುವ ಸ್ಥಳದಲ್ಲಿ ಮಾತ್ರ ಎಚ್ಚರದಿಂದಿರಬೇಕು.

ಇಷ್ಟನ್ನು ವಿಚಾರಿಸಿದ ಮೇಲೆ ತಂದೆಮಕ್ಕಳಿಬ್ಬರಿಗೂ ನಮ್ಮ ಉತ್ತರವು ಹೀಗಿದೆ. ಮಗನು ದೋಷವನ್ನು ಮಾಡಲಿಲ್ಲ. ಹೆತ್ತವರಿಗೆ ಒಳ್ಳೆಯದನ್ನು ಉಣಿಸಬೇಕೆಂಬ ಆಸೆ ಪವಿತ್ರವಾದುದು. ಅದನ್ನು ನೋಯಿಸುವಂತೆ ತಟ್ಟೆಯನ್ನು ದೂರ ತಳ್ಳುವುದು ಧರ್ಮವಲ್ಲ. ತಂದೆಯ ಸಂಕೋಚವೂ ಹಳ್ಳಿಗತನವಲ್ಲ. ಹಸಿದವನ ನೆನಪು ಗಂಟಲಲ್ಲಿ ಉಳಿದಿರುವುದರ ಗುರುತು ಅದು. ಮಗನು ತಂದೆಯಿಂದ ಆ ನೆನಪನ್ನು ಪಡೆಯಲಿ. ತಂದೆಯು ಮಗನಿಂದ ಪ್ರೀತಿಯನ್ನು ಸಂಕೋಚವಿಲ್ಲದೆ ಸ್ವೀಕರಿಸಲಿ. ಮತ್ತೆ ಅಂಥ ಸಂದರ್ಭವು ಬಂದಾಗ ಮೂರು ಮಾತುಗಳನ್ನು ತಮ್ಮನ್ನೇ ಕೇಳಿಕೊಳ್ಳಲಿ. ಈ ಊಟಕ್ಕೆ ಮುನ್ನ ಇನ್ನೊಬ್ಬರ ಪಾಲು ಸಂದಿದೆಯೇ? ಬಡಿಸುವವನನ್ನು ಹೆಸರು ಕೇಳಿ, ಮುಖ ನೋಡಿ ಮಾತನಾಡಿಸಿದೆವೇ? ನಾವು ಬಂದುದು ಉಣ್ಣುವುದಕ್ಕೋ, ಉಣ್ಣುವುದನ್ನು ಇತರರು ನೋಡಲೆಂದೋ? ಮೊದಲೆರಡಕ್ಕೆ ಹೌದೆಂದೂ ಮೂರನೆಯದಕ್ಕೆ ಉಣ್ಣುವುದಕ್ಕೆ ಎಂದೂ ಉತ್ತರ ಬಂದರೆ, ಉಪ್ಪರಿಗೆಯ ಮೇಲೆ ಕುಳಿತರೂ ಪಂಕ್ತಿಯಲ್ಲಿಯೇ ಕುಳಿತಂತೆ. ಹಾಗಲ್ಲದಿದ್ದರೆ ನೆಲದ ಮೇಲೆ ಕುಳಿತು ರೊಟ್ಟಿ ತಿಂದರೂ ಭೋಗವೇ ಸರಿ. ನಮ್ಮ ಊರುಗಳಲ್ಲಿ ಎಂಟು ಬಗೆಯ ಸಿಹಿ ಮಾಡಿಸಿ ಅರ್ಧವನ್ನು ಎಲೆಯಲ್ಲಿಯೇ ಬಿಡಿಸುವ ಮದುವೆಯ ಊಟಗಳಿಗೂ ಈ ಮೂರು ಪ್ರಶ್ನೆಗಳು ಅನ್ವಯಿಸುತ್ತವೆಂಬುದನ್ನು ಹೇಳಬೇಕಾಗಿಲ್ಲ.

ಮೊದಲನೆಯ ಪ್ರಶ್ನೆಯನ್ನು ಆಚರಣೆಗೆ ತರುವುದು ಎಷ್ಟು ಸುಲಭವೆಂಬುದಕ್ಕೆ ಇಟಲಿಯ ನೇಪಲ್ಸ್ ಪಟ್ಟಣದ ಜನರು ದಾರಿ ತೋರಿದ್ದಾರೆ. ಅಲ್ಲಿಯ ಕಾಫಿಯಂಗಡಿಯಲ್ಲಿ ಒಬ್ಬನು ಒಂದು ಕಾಫಿಯನ್ನು ಕುಡಿದು ಎರಡರ ಬೆಲೆಯನ್ನು ಕೊಟ್ಟು ಹೋಗುತ್ತಾನೆ. ಹಣವಿಲ್ಲದ ಇನ್ನೊಬ್ಬನು ಬಂದು ‘ಉಳಿದ ಕಾಫಿ ಇದೆಯೇ?’ ಎಂದು ಕೇಳಿ ಕುಡಿಯುತ್ತಾನೆ. ಕೊಟ್ಟವನು ಪಡೆದವನನ್ನು ಕಾಣುವುದಿಲ್ಲ. ಪಡೆದವನು ಕೊಟ್ಟವನಿಗೆ ಕೈಮುಗಿಯಬೇಕಾಗಿಲ್ಲ. ನಮ್ಮ ಗೃಹಸ್ಥರು ಹೊರಗೆ ಊಟಕ್ಕೆ ಹೋಗುವ ದಿನ, ಹೊರಡುವುದಕ್ಕೆ ಮುಂಚೆಯೇ ಮನೆಯಲ್ಲೊಂದು ಡಬ್ಬಿಯಲ್ಲಿ ಅಷ್ಟೋ ಇಷ್ಟೋ ತೆಗೆದಿಡಲಿ. ತಿಂಗಳ ಕೊನೆಗೆ ಅದು ಹತ್ತಿರದ ಶಾಲೆಯ ಬಡ ಮಕ್ಕಳ ಊಟಕ್ಕೋ, ಆಸ್ಪತ್ರೆಯಲ್ಲಿ ರೋಗಿಯ ಬಳಿ ಕಾದು ಕುಳಿತವರ ಊಟಕ್ಕೋ ಸಲ್ಲಲಿ. ಮಕ್ಕಳ ಕೈಯಿಂದಲೇ ಹಾಕಿಸಿದರೆ ಇನ್ನೂ ಉತ್ತಮ. ಆ ಡಬ್ಬಿ ಖಾಲಿಯಿರುವ ದಿನ ಮನೆಯಲ್ಲಿಯೇ ಉಂಡರಾಯಿತು.